ಒರಗುದಿಂಬಿನ ಗವಸೂ ಹೊಲಿಗೆಯ ತರಗತಿಯೂ

ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಹೊಲಿಗೆಯ ತರಗತಿಯನ್ನು ಇನ್ನು ಮುಂದೆಯೂ ಇಟ್ಟುಕೊಳ್ಳಬೇಕೆ, ಅಥವಾ ಆ ವೇಳೆಯನ್ನು ಗಣಿತಕ್ಕೂ ವಿಜ್ಞಾನಕ್ಕೂ ಹಂಚಿಕೊಡಬೇಕೆ ಎಂದು ತಾಯಿತಂದೆಗಳು ಈಚೆಗೆ ಆಗಾಗ ಕೇಳುತ್ತಿರುವರು. ಕೇಳುವುದು ನ್ಯಾಯವೇ ಸರಿ. ಮಗಳು ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಪಡೆಯುವ ಒಂದೊಂದು ಅಂಕವನ್ನೂ ಎಣಿಸಿ ನೋಡಬೇಕಾದ ಈ ಕಾಲದಲ್ಲಿ, ವಾರಕ್ಕೆ ಎರಡು ಗಂಟೆಗಳನ್ನು ಸೂಜಿದಾರಗಳೊಡನೆ ಕಳೆಯುವುದರಿಂದ ಆಗುವ ಪ್ರಯೋಜನವೇನೆಂದು ವಿಚಾರಿಸುವ ಹಕ್ಕು ಅವರಿಗೆ ಉಂಟು. ಆದರೆ ಈ ಪ್ರಶ್ನೆಗೆ ಹೊಲಿಗೆಯ ಪಕ್ಷದವರು ಸಾಮಾನ್ಯವಾಗಿ ಕೊಡುವ ಉತ್ತರಗಳು ನಮಗೆ ಒಪ್ಪಿಗೆಯಾಗಲಿಲ್ಲ. ಹೊಲಿಗೆ ಬಲ್ಲ ಹುಡುಗಿಗೆ ಒಳ್ಳೆಯ ವರನು ದೊರೆಯುವನೆಂಬುದು ಒಂದು ಉತ್ತರ. ಅದು ನಮ್ಮ ಅಜ್ಜಿಯರ ಕಾಲಕ್ಕೇ ಹಳಸಿದ್ದಿತು. ಕೈಕೆಲಸದಿಂದ ಮನಸ್ಸಿಗೆ ಶಾಂತಿಯುಂಟಾಗುವುದೆಂಬುದು ಮತ್ತೊಂದು. ದಾರವು ಗಂಟುಬಿದ್ದಾಗ ಹುಡುಗಿಯರ ಮುಖವನ್ನು ನೋಡಿದವರು ಈ ಮಾತನ್ನು ಆಡಲಾರರು. ನಾವೂ ಹೊಲಿಗೆಯ ತರಗತಿ ಇರಲೇಬೇಕೆನ್ನುವವರೇ. ಆದರೆ ಅದು ಈಗಿರುವಂತೆ ಇರಬಾರದೆಂದೂ, ಗಾಜಿನ ಬೀರುವಿನಲ್ಲಿಡುವ ಅಲಂಕಾರದ ಕೆಲಸವನ್ನು ಹಿಂದಕ್ಕಿಟ್ಟು, ಜಿಪ್ಪು ಹಾಕಿದ ಒಂದು ಸಾದಾ ದಿಂಬಿನ ಗವಸಿನಿಂದ ಅದು ಆರಂಭವಾಗಬೇಕೆಂದೂ ನಮ್ಮ ಅಭಿಪ್ರಾಯ.

ಗಾಜಿನ ಬೀರು ಎಂದರೆ ಯಾವುದೆಂದು ಹಳೆಯ ವಿದ್ಯಾರ್ಥಿನಿಯರಿಗೆ ವಿವರಿಸಬೇಕಾದುದಿಲ್ಲ. ಇಂತಹ ಬೀರು ಇಲ್ಲದ ಹೆಣ್ಣುಮಕ್ಕಳ ಶಾಲೆಯು ಅಪರೂಪ. ಅದರೊಳಗೆ ಮಖಮಲ್ಲಿನ ಮೇಲೆ ಬಿಡಿಸಿದ ನವಿಲು, ಗುಲಾಬಿಯ ಬಳ್ಳಿ, ಎರಡು ಗಿಳಿಗಳ ನಡುವೆ ಬರೆದ ‘ಸುಸ್ವಾಗತ’, ಇವುಗಳನ್ನು ಹೊತ್ತ ಒರಗುದಿಂಬುಗಳು ವರ್ಷದಿಂದ ವರ್ಷಕ್ಕೆ ಸಾಲಾಗಿ ಕುಳಿತಿರುವುವು. ಅವುಗಳಿಗೆ ಯಾರೂ ಒರಗಿದವರಲ್ಲ. ನಾಲ್ಕು ಕಡೆಯೂ ಹೊಲಿದು ಮುಚ್ಚಿರುವುದರಿಂದ ಒಗೆಯುವಂತೆಯೂ ಇಲ್ಲ. ಒಗೆದರೆ ನವಿಲಿನ ಬಣ್ಣವು ಗಿಳಿಗೆ ಹರಿಯುವುದು. ಒಂದೊಂದರ ಹಿಂದೆಯೂ ಎರಡು ಮೂರು ತಿಂಗಳ ದುಡಿಮೆಯುಂಟು. ಆ ದುಡಿಮೆಯಲ್ಲಿ ಎಷ್ಟು ಪಾಲು ಹುಡುಗಿಯದು, ಎಷ್ಟು ಪಾಲು ತಾಯಿಯದು, ಪ್ರದರ್ಶನದ ಹಿಂದಿನ ರಾತ್ರಿ ಎಷ್ಟು ಪಾಲು ಪಕ್ಕದ ಬೀದಿಯ ದರ್ಜಿಯದು ಎಂಬುದನ್ನು ನಾವು ಇಲ್ಲಿ ಕೆದಕುವುದಿಲ್ಲ.

ಈ ಪದ್ಧತಿಗೆ ಮೂಲವಿಲ್ಲದೆ ಇಲ್ಲ. ಮಿಷನ್ನಿನ ಹೆಣ್ಣುಮಕ್ಕಳ ಶಾಲೆಗಳಲ್ಲಿ ಹೊಲಿಗೆಯು ಮೊದಲಿನಿಂದಲೂ ಪಾಠಪಟ್ಟಿಯಲ್ಲಿದ್ದಿತು. ಅದರಿಂದ ಹಣವೂ ಬರುತ್ತಿದ್ದಿತು. ನಮ್ಮ ಚಿಕ್ಕಬಳ್ಳಾಪುರದಲ್ಲಿಯೂ ಕೆಲಸಮಾಡಿದ ಲಂಡನ್ ಮಿಷನ್ನಿನವರು 1820ರ ದಶಕದಲ್ಲಿ ನಾಗರಕೋಯಿಲಿನ ಶಾಲೆಯ ಹುಡುಗಿಯರಿಗೆ ಲೇಸು ಹೆಣೆಯುವುದನ್ನು ಕಲಿಸಿದರು. ಆ ಲೇಸನ್ನು ಮಾರಿ ಬಂದ ಹಣದಿಂದ ಕೆಲವು ಹೆಣ್ಣುಮಕ್ಕಳು ತಮ್ಮ ದಾಸ್ಯದ ಬಿಡುಗಡೆಯನ್ನೇ ಕೊಂಡುಕೊಂಡರೆಂಬುದು ಚರಿತ್ರೆಯಲ್ಲಿ ಬಂದಿರುವ ಮಾತು. ಅಂತಹ ಸೂಕ್ಷ್ಮ ಕೆಲಸವನ್ನು ಹಗುರವಾಗಿ ಎಣಿಸಲು ನಮಗೆ ಬಾಯಿ ಬಾರದು. ಆದರೆ ಆ ಲೇಸಿಗೆ ಕೊಳ್ಳುವವರಿದ್ದರು, ಧರಿಸುವವರಿದ್ದರು. ಧಾರವಾಡದ ಕಡೆಯ ಕಸೂತಿಯನ್ನಾದರೂ ನೋಡಬಹುದು. ಗಂಟು ಹಾಕದೆ, ಎಳೆಗಳನ್ನು ಎಣಿಸಿ, ಬಟ್ಟೆಯ ಎರಡು ಮೈಗಳಲ್ಲಿಯೂ ಒಂದೇ ಸಮನಾಗಿ ಕಾಣುವಂತೆ ಗವಂತಿಯನ್ನೂ ಮುರಗಿಯನ್ನೂ ಹಾಕುವ ಆ ಹೆಂಗಸರು ಅದನ್ನು ಹಾಕಿದುದು ಇಳಕಲ್ಲಿನ ಸೀರೆಯ ಮೇಲೆ. ಆ ಸೀರೆಯನ್ನು ಉಟ್ಟು ಅವರು ಮದುವೆಗೆ ಹೋದರು, ಜಾತ್ರೆಗೆ ಹೋದರು. ಹರಿದ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಕೌದಿಯಾದರೋ ಮನೆಮಂದಿಯನ್ನೆಲ್ಲ ಚಳಿಯಿಂದ ಕಾಪಾಡಿತು. ನಮ್ಮ ನಾಡಿನ ಹೆಂಗಸರು ಉಪಯೋಗಕ್ಕೆ ಬಾರದ ಹೊಲಿಗೆಯನ್ನು ಹೊಲಿದವರಲ್ಲ. ಬೀರುವಿಗಾಗಿ ಹೊಲಿಯುವ ಸಂಪ್ರದಾಯವು ಶಾಲೆಯಲ್ಲಿ ಹುಟ್ಟಿದುದು.

ಇನ್ನು ಜಿಪ್ಪಿನ ಮಾತು. ಅದರ ಚರಿತ್ರೆಯು ಒಂದು ಶತಮಾನಕ್ಕಿಂತ ಸ್ವಲ್ಪ ಹೆಚ್ಚು. ಹೊಲಿಗೆಯ ಯಂತ್ರಕ್ಕೆ 1846ರಲ್ಲಿ ಹಕ್ಕುಪತ್ರವನ್ನು ಪಡೆದ ಅಮೆರಿಕದ ಎಲಿಯಾಸ್ ಹೋವನು 1851ರಲ್ಲಿ ಬಟ್ಟೆಗಳನ್ನು ತಾನಾಗಿ ಮುಚ್ಚುವ ಒಂದು ಸಾಧನಕ್ಕೂ ಹಕ್ಕುಪತ್ರವನ್ನು ಪಡೆದನು. ಆದರೆ ಅದನ್ನು ಅಲ್ಲಿಗೇ ಬಿಟ್ಟನು. 1893ರಲ್ಲಿ ವಿಟ್‌ಕೂಂಬ್ ಜಡ್ಸನ್ ಎಂಬವನು ಷಿಕಾಗೋ ನಗರದ ವಸ್ತುಪ್ರದರ್ಶನದಲ್ಲಿ ತನ್ನ ಕೊಂಡಿಗಳ ಸಾಧನವನ್ನು ತೋರಿಸಿದನು. ಅದು ಬೇಡವಾದಾಗಲೆಲ್ಲ ತೆರೆದುಕೊಳ್ಳುತ್ತಿದ್ದಿತಾಗಿ ಜನರು ಅದನ್ನು ನಂಬಲಿಲ್ಲ. ಸ್ವೀಡನ್ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಗಿಡಿಯನ್ ಸುಂಡ್‌ಬ್ಯಾಕನು 1913ರಲ್ಲಿ ಕೊಂಡಿಗಳನ್ನು ತೆಗೆದುಹಾಕಿ, ಒಂದರ ಹಳ್ಳದೊಳಗೆ ಇನ್ನೊಂದರ ಉಬ್ಬು ಕೂಡುವ ಸಣ್ಣ ಹಲ್ಲುಗಳನ್ನು ಮಾಡಿದನು. ಇಂದು ನಾವು ಬಳಸುವುದು ಅದರ ಸಂತತಿಯನ್ನೇ. ‘ಜಿಪ್ಪರ್’ ಎಂಬ ಹೆಸರನ್ನು 1923ರಲ್ಲಿ ರಬ್ಬರಿನ ಮೇಲುಬೂಟುಗಳನ್ನು ಮಾಡುತ್ತಿದ್ದ ಗುಡ್‌ರಿಚ್ ಕಂಪೆನಿಯವರು, ಅದನ್ನು ಎಳೆದಾಗ ಆಗುವ ಶಬ್ದದಿಂದ, ಇಟ್ಟರು. ಕನ್ನಡಿಗರಾದ ನಾವು ಮೊದಲು ಕೇಳಿದ್ದರೆ ‘ಸರ್ರಿ’ ಎಂದು ಕರೆಯುತ್ತಿದ್ದೆವೋ ಏನೋ.

ಇಂತಹ ವಸ್ತುವಿಗೂ ಗೌರಿಬಿದನೂರಿನ ಮನೆಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವು ಧೂಳಿನ ಮೂಲಕ ಬಂದಿರುವುದು. ನಮ್ಮದು ಮಳೆ ಕಡಮೆಯಾದ ಸೀಮೆ. ಉತ್ತರ ಪಿನಾಕಿನಿಯಲ್ಲಿ ನೀರಿಗಿಂತ ಮರಳನ್ನು ಕಂಡ ವರ್ಷಗಳೇ ಹೆಚ್ಚು. ಬೇಸಿಗೆಯಲ್ಲಿ ಬಾಗಿಲನ್ನು ತೆರೆದಿಟ್ಟರೆ ಸಂಜೆಯೊಳಗೆ ಮೇಜಿನ ಮೇಲೆ ಬೆರಳಿನಿಂದ ಹೆಸರನ್ನು ಬರೆಯಬಹುದು. ಮೊದಲು ಚಾಪೆಯಿದ್ದಿತು, ಜಮಖಾನವಿದ್ದಿತು. ಹೊರಗೆ ಕೊಡವಿದರೆ ಮುಗಿಯಿತು. ಈಗ ಮನೆಮನೆಗೂ ಕುರ್ಚಿ, ಸೋಫಾ ಬಂದು, ಅವುಗಳ ಮೇಲೆ ಒರಗುದಿಂಬುಗಳು ಬಂದಿವೆ. ಬೂರುಗದ ಹತ್ತಿಯನ್ನು ತುಂಬಿ ನಾಲ್ಕು ಕಡೆಯೂ ಹೊಲಿದ ದಿಂಬನ್ನು ಒಗೆಯಬೇಕಾದರೆ ಒಂದು ಕಡೆಯ ಹೊಲಿಗೆಯನ್ನು ಬಿಚ್ಚಿ, ಹತ್ತಿಯನ್ನು ತೆಗೆದು, ಮತ್ತೆ ತುಂಬಿ, ಮತ್ತೆ ಹೊಲಿಯಬೇಕು; ಹೀಗಾಗಿ ಯಾರೂ ಒಗೆಯುವುದಿಲ್ಲ. ಗುಂಡಿ ಕಾಜಗಳನ್ನು ಹಾಕಿದರೆ ಮಕ್ಕಳು ಗುಂಡಿಯನ್ನು ಕಿತ್ತಿಡುವರು. ನಡುನಡುವೆ ಬಾಯಿಬಿಟ್ಟು ಒಳಗಿನ ಹತ್ತಿಯೂ ಇಣುಕುವುದು. ಜಿಪ್ಪಿನ ಗವಸನ್ನಾದರೋ ಒಂದು ಕೈಯಿಂದ ಎಳೆದು ತೆಗೆದು, ಇತರ ಬಟ್ಟೆಗಳೊಡನೆ ನೆನೆಸಿ, ಒಗೆದು, ಒಣಗಿಸಿ, ಅದೇ ಸಂಜೆ ಹಾಕಬಹುದು. ಕೆಮ್ಮು ದಮ್ಮುಗಳಿರುವ ಮನೆಯಲ್ಲಿ ಇದು ಅಲಂಕಾರದ ವಿಷಯವಲ್ಲ.

ಅದನ್ನು ಹೊಲಿಯುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುವೆವು. ಏಕೆಂದರೆ ನಮ್ಮ ವಾದವೆಲ್ಲವೂ ಅದರೊಳಗೇ ಅಡಗಿರುವುದು. ದಿಂಬು ಹದಿನಾರು ಅಂಗುಲದ ಚೌಕವೆಂದು ಇಟ್ಟುಕೊಳ್ಳೋಣ. ಎಲ್ಲಕ್ಕಿಂತ ಮೊದಲು ಬಟ್ಟೆಯನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಬೇಕು. ಹತ್ತಿಯ ಬಟ್ಟೆ ನೀರಿಗೆ ಬಿದ್ದರೆ ಕುಗ್ಗುವುದು. ಇಂದಿನ ಜಿಪ್ಪಿನ ಪಟ್ಟಿಯು ಕೃತಕ ನೂಲಿನದಾದುದರಿಂದ ಕುಗ್ಗುವುದಿಲ್ಲ. ಕುಗ್ಗುವುದನ್ನೂ ಕುಗ್ಗದುದನ್ನೂ ಹಾಗೆಯೇ ಕೂಡಿಸಿ ಹೊಲಿದರೆ ಮೊದಲನೆಯ ಒಗೆತಕ್ಕೇ ಜಿಪ್ಪು ಹಾವಿನಂತೆ ಸೊಟ್ಟಗಾಗುವುದು. ಬಳಿಕ ಹದಿನೇಳು ಅಂಗುಲದ ಎರಡು ಚೌಕಗಳನ್ನು ಎಳೆಯ ನೇರಕ್ಕೆ ಕತ್ತರಿಸಬೇಕು. ಸುತ್ತಲೂ ಅರ್ಧ ಅಂಗುಲ ಹೊಲಿಗೆಗೆ ಹೋಗುವುದು. ಜಿಪ್ಪು ಹದಿನಾಲ್ಕು ಅಂಗುಲವಿದ್ದರೆ ಎರಡು ತುದಿಗಳಲ್ಲಿ ಒಂದೊಂದು ಅಂಗುಲ ಉಳಿಯುವುದು. ಈ ಕಳೆಯುವ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ತಪ್ಪಿಲ್ಲದೆ ಮಾಡುವ ಹುಡುಗಿಯು ಬಟ್ಟೆಯ ಮೇಲೆ ಮಾಡುವಾಗ ಹೊಲಿಗೆಯ ಅಂಚನ್ನು ಮರೆತುಬಿಡುವುದನ್ನು ನಾವು ಎಷ್ಟೋ ಸಲ ನೋಡಿರುವೆವು.

ಎರಡು ಚೌಕಗಳ ಒಳ್ಳೆಯ ಮೈಗಳು ಒಳಗಿರುವಂತೆ ಇಟ್ಟು, ಒಂದು ಅಂಚಿನ ಎರಡು ತುದಿಗಳಲ್ಲಿ ಬಿಗಿಯಾದ ಹೊಲಿಗೆಯನ್ನೂ, ನಡುವಿನ ಹದಿನಾಲ್ಕು ಅಂಗುಲಕ್ಕೆ ಸಡಿಲವಾದ ಕಚ್ಚಾ ಹೊಲಿಗೆಯನ್ನೂ ಹಾಕಬೇಕು. ಆ ಅಂಚನ್ನು ಬಿಡಿಸಿ ಇಸ್ತ್ರಿ ಮಾಡಿ, ಜಿಪ್ಪನ್ನು ಬೋರಲಾಗಿ, ಅದರ ಹಲ್ಲುಗಳು ಹೊಲಿಗೆಯ ಗೆರೆಯ ಮೇಲೆ ಸರಿಯಾಗಿ ಬರುವಂತೆ ಇಟ್ಟು, ಯಂತ್ರಕ್ಕೆ ಒಂದೇ ಮಗ್ಗುಲಿನ ಒತ್ತುಪಾದವನ್ನು ಹಾಕಿ ಎರಡು ಬದಿಗಳಲ್ಲಿಯೂ ಹೊಲಿಯಬೇಕು. ಕಚ್ಚಾ ಹೊಲಿಗೆಯನ್ನು ಬಿಚ್ಚಿದಾಗ ಜಿಪ್ಪು ಹೊರಗೆ ಕಾಣಿಸಿಕೊಳ್ಳುವುದು. ಆ ಗಳಿಗೆಯಲ್ಲಿ ತರಗತಿಯಲ್ಲಿ ಏಳುವ ಸಣ್ಣ ಗದ್ದಲವು ಬೀಜಗಣಿತದ ಪಾಠದಲ್ಲಿ ಏಳುವುದನ್ನು ನಾವು ಕೇಳಿಲ್ಲ. ಉಳಿದ ಮೂರು ಕಡೆಗಳನ್ನು ಹೊಲಿಯುವ ಮೊದಲು ಜಿಪ್ಪನ್ನು ಅರ್ಧದಷ್ಟು ತೆರೆದಿಡಬೇಕು. ಇದನ್ನು ಮರೆತವಳ ಕೈಯಲ್ಲಿ ಒಳಮೈ ಹೊರಗಾಗಿ ಸುತ್ತಲೂ ಮುಚ್ಚಿಕೊಂಡ ಒಂದು ಚೀಲವು ಉಳಿಯುವುದು. ಬಟ್ಟೆಯ ಹಿಂಬದಿಯಿಂದ ತಡಕಿ ತಡಕಿ ಅದನ್ನು ಜಾರಿಸಬೇಕಾಗುವುದು, ಇಲ್ಲವೆ ಹೊಲಿಗೆಯನ್ನು ಬಿಚ್ಚಬೇಕಾಗುವುದು. ಮುಂದೇನು ಮಾಡಬೇಕಾಗಿದೆ ಎಂಬುದನ್ನು ಈಗಲೇ ಯೋಚಿಸು ಎಂದು ನೂರು ಬಾರಿ ಹೇಳಿದರೂ ತಲೆಗೆ ಹತ್ತದುದು ಈ ಒಂದು ಚೀಲದಿಂದ ಹತ್ತುವುದು. ಕೊನೆಗೆ ಮೂಲೆಗಳು. ಅವುಗಳನ್ನು ನೆಟ್ಟಗೆ ಹೊಲಿದರೆ ದಿಂಬನ್ನು ತುಂಬಿದ ಮೇಲೆ ಹಸುವಿನ ಕಿವಿಯಂತೆ ಜೋತುಬೀಳುವುವು. ಮೂಲೆಯ ಹತ್ತಿರ ಹೊಲಿಗೆಯನ್ನು ತುಸು ಒಳಕ್ಕೆ ತಂದು, ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ತಿರುವಬೇಕು.

ಪೇಟೆಯಲ್ಲಿ ಜಿಪ್ಪನ್ನು ಮೀಟರಿನ ಲೆಕ್ಕದಲ್ಲಿಯೂ, ದರ್ಜಿಗಳು ‘ರನ್ನರು’ ಎನ್ನುವ ಜಾರುವ ತುಂಡನ್ನು ಬೇರೆಯಾಗಿಯೂ ಮಾರುವರು. ಹುಡುಗಿಯರಿಂದಲೇ ಇದನ್ನು ಪೋಣಿಸಿಸುವುದು ಒಳ್ಳೆಯದು. ಎರಡು ಪಟ್ಟಿಗಳ ತುದಿಗಳು ಸಮವಾಗಿ ಒಳಗೆ ಹೋದರೆ ಮಾತ್ರ ಹಲ್ಲುಗಳು ಕೂಡುವುವು. ಒಂದು ತುಸು ಮುಂದಾದರೆ ಎಲ್ಲವೂ ಕೆಡುವುದು. ಪೋಣಿಸಲು ಬಲ್ಲವಳು ರಿಪೇರಿಯನ್ನೂ ಬಲ್ಲಳು. ರನ್ನರು ಸಡಿಲವಾದರೆ ಇಕ್ಕಳದಿಂದ ಅದರ ಬದಿಗಳನ್ನು ಮೆಲ್ಲನೆ ಒತ್ತುವಳು, ಒತ್ತಿದರೂ ಹಿಡಿಯದಿದ್ದರೆ ಅದೊಂದನ್ನೇ ಬದಲಿಸುವಳು, ಬಿಗಿಯಾಗಿದ್ದರೆ ಮೇಣದ ಬತ್ತಿಯನ್ನು ಉಜ್ಜುವಳು. ಸಣ್ಣ ತುಂಡೊಂದು ಕೆಟ್ಟುದಕ್ಕಾಗಿ ಒಳ್ಳೆಯ ಚೀಲವನ್ನು, ಮಗುವಿನ ಸ್ವೆಟರನ್ನು ಎಸೆಯುವುದು ಈಗ ವಾಡಿಕೆಯಾಗಿದೆ.

ಸಾದಾ ಹೊಲಿಗೆಯಲ್ಲಿ ಏನು ಮಹಾ ಇದೆ ಎನ್ನುವವರಿಗೆ ನಾವು ಬೆಂಗೇರಿಯನ್ನು ತೋರಿಸುವೆವು. ನಮ್ಮ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕಾಗಿ ನೆರೆದ ಜನರ ಮೇಲೆ ಗುಂಡು ಹಾರಿತು. ಆ ದಿನ ಪ್ರಾಣಕ್ಕಿಂತ ಹೆಚ್ಚಾಗಿದ್ದುದು ಒಂದು ಹೊಲಿದ ಬಟ್ಟೆ. ಸ್ವತಂತ್ರ ಭಾರತದ ಖಾದಿಯ ಧ್ವಜಗಳನ್ನು ಸಿದ್ಧಪಡಿಸುವ ಕೆಲಸವು ಹುಬ್ಬಳ್ಳಿಯ ಬೆಂಗೇರಿಯಲ್ಲಿ, 1957ರಲ್ಲಿ ಸ್ಥಾಪಿತವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ನಡೆಯುವುದು. ಅಲ್ಲಿ ಕೆಲಸಮಾಡುವವರಲ್ಲಿ ಬಹುಮಂದಿ ಹೆಂಗಸರು. ಅವರು ಹೊಲಿಯುವುದು ನೇರವಾದ ಹೊಲಿಗೆಯೇ, ನವಿಲಲ್ಲ, ಗಿಳಿಯಲ್ಲ. ಆದರೆ ಅಗಲಕ್ಕೂ ಎತ್ತರಕ್ಕೂ ಮೂರಕ್ಕೆ ಎರಡರ ಪ್ರಮಾಣವು ತಪ್ಪಬಾರದು, ಮೂರು ಪಟ್ಟಿಗಳು ಸಮವಿರಬೇಕು, ಚಕ್ರವು ಎರಡು ಮೈಗಳಲ್ಲಿಯೂ ಒಂದಕ್ಕೊಂದು ಹೊಂದಬೇಕು. ಅಳತೆಗೆ ಹೊಂದದ ಧ್ವಜವನ್ನು ಕಂಬಕ್ಕೆ ಏರಿಸುವಂತಿಲ್ಲ.

ನಮ್ಮ ವಾದದ ಮುಖ್ಯವಾದ ಭಾಗವು ಇನ್ನೂ ಉಳಿದಿದೆ. ಗೌರಿಬಿದನೂರಿನ ಕೈಗಾರಿಕಾ ಪ್ರದೇಶದಲ್ಲಿಯೂ ನೆರೆಯ ದೊಡ್ಡಬಳ್ಳಾಪುರದಲ್ಲಿಯೂ ಸಿದ್ಧ ಉಡುಪಿನ ಕಾರ್ಖಾನೆಗಳು ಇವೆ. ಹಳ್ಳಿಹಳ್ಳಿಗಳಿಂದ ಬೆಳಗಿನ ವಾಹನಗಳಲ್ಲಿ ಹೆಣ್ಣುಮಕ್ಕಳು ಅಲ್ಲಿಗೆ ಹೋಗುವರು. ಅವರಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಉಂಟು, ಈಗಿನ ವಿದ್ಯಾರ್ಥಿನಿಯರ ತಾಯಂದಿರೂ ಉಂಟು. ಅವರ ಕೈಯ ವೇಗದ ಮುಂದೆ ನಮ್ಮ ಹೊಲಿಗೆಯ ಉಪಾಧ್ಯಾಯಿನಿಯರು ನಿಲ್ಲಲಾರರು. ಆದರೆ ಕಾಲರು ಕೂಡಿಸುವವಳು ದಿನವೆಲ್ಲ ಕಾಲರನ್ನೇ ಕೂಡಿಸುವಳು, ಜೇಬು ಹಚ್ಚುವವಳು ಜೇಬನ್ನೇ ಹಚ್ಚುವಳು. ಇಡೀ ಅಂಗಿಯನ್ನು ಕತ್ತರಿಸಿ ಮುಗಿಸುವ ಸಂದರ್ಭವು ವರ್ಷಗಟ್ಟಲೆ ಅಲ್ಲಿ ದುಡಿದವಳಿಗೂ ಒದಗದೆ ಹೋಗಬಹುದು. ಶಿಡ್ಲಘಟ್ಟದಲ್ಲಿಯೂ ಇದೇ ಕಥೆ. ಬಿಸಿನೀರಿನಲ್ಲಿ ಗೂಡುಗಳನ್ನು ಬೇಯಿಸಿ, ಎಳೆಯ ತುದಿಯನ್ನು ಹುಡುಕಿ, ನೂರಾರು ಗಜ ಉದ್ದದ ರೇಷ್ಮೆಯನ್ನು ಬಿಚ್ಚುವ ಹೆಂಗಸಿನ ಕಣ್ಣಿಗೆ ಅದು ಎಂದೂ ಸೀರೆಯಾಗಿ ಬೀಳದು. ಅದು ಬೇರೆ ಊರುಗಳ ಮಗ್ಗಗಳಿಗೆ ಹೋಗುವುದು.

ಆಡಂ ಸ್ಮಿತ್ ಎಂಬ ಪಂಡಿತನು 1776ರಲ್ಲಿ ಅಚ್ಚಾದ ತನ್ನ ಅರ್ಥಶಾಸ್ತ್ರದ ಗ್ರಂಥವನ್ನು ಗುಂಡುಸೂಜಿಯ ಕಾರ್ಖಾನೆಯಿಂದಲೇ ಆರಂಭಿಸಿರುವನು. ಕೆಲಸವನ್ನು ಸುಮಾರು ಹದಿನೆಂಟು ಭಾಗಗಳಾಗಿ ಹಂಚಿಕೊಂಡ ಹತ್ತು ಮಂದಿ ದಿನಕ್ಕೆ 48,000 ಸೂಜಿಗಳನ್ನು ಮಾಡುವರೆಂದು ಅವನು ಹೊಗಳಿದುದು ಎಲ್ಲರಿಗೂ ಗೊತ್ತು. ಹೀಗೆ ಒಂದೆರಡು ಕ್ರಿಯೆಗಳಲ್ಲಿಯೇ ಜೀವಮಾನವನ್ನು ಕಳೆಯುವವನ ಬುದ್ಧಿಯು ಜಡವಾಗುವುದೆಂದು ಅದೇ ಗ್ರಂಥದ ಕೊನೆಯ ಭಾಗದಲ್ಲಿ ಅವನೇ ಮರುಗಿರುವುದನ್ನು ಓದಿದವರು ಕಡಮೆ. ಅದಕ್ಕೆ ಪರಿಹಾರವು ಶಿಕ್ಷಣವೆಂದೂ ಅವನೇ ಹೇಳಿರುವನು. ಕಾರ್ಖಾನೆಗಳು ಬೇಡವೆನ್ನುವುದು ನಮ್ಮ ಉದ್ದೇಶವಲ್ಲ. ಅಲ್ಲಿಯ ಸಂಬಳದಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿದೆ, ನಮ್ಮ ಶಾಲೆಯ ಶುಲ್ಕವೂ ಸಲ್ಲುತ್ತಿದೆ. ಆದರೆ ನಾಳೆ ಕಾಲರನ್ನು ಕೂಡಿಸಲು ಹೋಗಲಿರುವ ಹುಡುಗಿಯೂ, ನಾಳೆ ಬೆಂಗಳೂರಿನಲ್ಲಿ ಗಣಕಯಂತ್ರದ ಮುಂದೆ ಯಾರೋ ಬರೆದ ಲೆಕ್ಕದ ಒಂದು ತುಣುಕನ್ನು ತಿದ್ದಲಿರುವ ಹುಡುಗಿಯೂ, ಒಂದು ವಸ್ತುವನ್ನು ಅಳತೆಯಿಂದ ಆರಂಭಿಸಿ ಒಗೆತದವರೆಗೆ ತಾನೇ ಮಾಡಿ ನೋಡಿರಬೇಕು. ದಿಂಬಿನ ಗವಸಿಗಿಂತ ಚಿಕ್ಕದೂ ಪೂರ್ಣವೂ ಆದ ವಸ್ತುವು ನಮಗೆ ತೋರಿಬರಲಿಲ್ಲ. ನಾಲ್ಕೈದು ತರಗತಿಗಳಲ್ಲಿ ಅದು ಮುಗಿಯುವುದು. ಗಣಿತದ ವೇಳೆಗೆ ಭಂಗವೂ ಬಾರದು.

ಪೇಟೆಯಲ್ಲಿ ಐದು ಗವಸುಗಳ ಕಟ್ಟು ಅಗ್ಗವಾಗಿ ದೊರೆಯುವಾಗ ಹೊಲಿಯುವುದೇಕೆ ಎನ್ನುವರು. ನಿಜ, ಹೊಸ ಬಟ್ಟೆಯನ್ನು ಕೊಂಡು ಹೊಲಿದರೆ ಮನೆಯದೇ ದುಬಾರಿ. ಅದಕ್ಕಾಗಿಯೇ ಹಳೆಯ ಸೀರೆ, ಹಳೆಯ ಪಂಚೆ, ಹಳೆಯ ಪರದೆಗಳಿಂದ ಹೊಲಿಯಬೇಕೆನ್ನುವೆವು. ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಇನ್ನೊಂದುಂಟು: ಹೊಲಿಗೆಯನ್ನು ಹೆಣ್ಣುಮಕ್ಕಳಿಗೆ ಮಾತ್ರ ಕಲಿಸುವುದು ಅವರನ್ನು ಮನೆಯೊಳಗೆ ಕೂಡಿಹಾಕುವ ಹಳೆಯ ಉಪಾಯವಲ್ಲವೆ? ಇದನ್ನು ನಾವು ತಳ್ಳಿಹಾಕಲಾರೆವು. ಪೇಟೆಯ ಬೀದಿಯಲ್ಲಿ ಅಂಗಡಿಯಿಟ್ಟು ಹೊಲಿಗೆಗೆ ಹಣವನ್ನು ತೆಗೆದುಕೊಳ್ಳುವವರು ಬಹುಮಟ್ಟಿಗೆ ಗಂಡಸರು. ಮನೆಯಲ್ಲಿ ಹಣವಿಲ್ಲದೆ ಹರಿದುದನ್ನು ಹೊಲಿಯುವವರು ಹೆಂಗಸರು. ಈ ಅನ್ಯಾಯವನ್ನು ಹುಡುಗಿಯರಿಗೆ ಹೊಲಿಗೆಯನ್ನು ಬಿಡಿಸಿ ಸರಿಪಡಿಸಬೇಕೆನ್ನುವುದು ನಮಗೆ ಸರಿದೋರದು; ಗಂಡುಹುಡುಗರಿಗೂ ಕಲಿಸಲಿ. 1927ರಲ್ಲಿ ನಮ್ಮ ನಂದಿಬೆಟ್ಟದ ಮೇಲೆ ಆರೋಗ್ಯಕ್ಕಾಗಿ ತಂಗಿದ್ದ ಮಹಾತ್ಮ ಗಾಂಧಿಯವರು ನೂಲುವುದನ್ನು ಗಂಡು ಹೆಣ್ಣುಗಳಿಬ್ಬರಿಗೂ ವಿಧಿಸಿದ್ದರಷ್ಟೆ. ಯಂತ್ರಗಳ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಅವರು, 1924ರಲ್ಲಿ ಒಂದು ಸಂಭಾಷಣೆಯಲ್ಲಿ, ಸಿಂಗರ್ ಹೊಲಿಗೆಯ ಯಂತ್ರವೊಂದಕ್ಕೆ ವಿನಾಯಿತಿಯನ್ನು ಕೊಟ್ಟಿದ್ದರು. ಪಕ್ಕದ ಗಂಡುಮಕ್ಕಳ ಶಾಲೆಗಳ ಮುಖ್ಯೋಪಾಧ್ಯಾಯರು ಇಚ್ಛಿಸಿದಲ್ಲಿ ನಮ್ಮ ಉಪಾಧ್ಯಾಯಿನಿಯರು ವಾರಕ್ಕೊಂದು ಸಂಜೆ ಬಂದು ಕಲಿಸಲು ಸಿದ್ಧರಿರುವರೆಂದು ನಂಬಿದ್ದೇವೆ.

ಆಡಳಿತ ವರ್ಗದವರ ಪರಿಶೀಲನೆಗೆ ನಮ್ಮ ಸೂಚನೆಗಳು ಇವು. ಎಂಟನೆಯ ತರಗತಿಯಲ್ಲಿ ಪ್ರತಿ ಹುಡುಗಿಯೂ ಶಾಲೆಯಲ್ಲಿಯೇ, ಉಪಾಧ್ಯಾಯಿನಿಯ ಕಣ್ಣೆದುರಿಗೇ, ಜಿಪ್ಪಿನ ಗವಸೊಂದನ್ನು ಹೊಲಿದು ಮುಗಿಸಲಿ. ಮನೆಗೆ ಕೊಂಡೊಯ್ಯುವುದು ಬೇಡ. ಕಸೂತಿಯನ್ನು ಬಯಸುವವರು ಒಂಬತ್ತನೆಯ ತರಗತಿಯಲ್ಲಿ ಅದೇ ಗವಸಿನ ಮೇಲೆ ಹಾಕಲಿ, ಬಣ್ಣ ಬಿಡದ ದಾರದಿಂದ. ಪ್ರದರ್ಶನಕ್ಕೆ ಬರುವ ಪ್ರತಿಯೊಂದು ಗವಸನ್ನೂ ಬಹುಮಾನದ ತೀರ್ಮಾನಕ್ಕೆ ಮೊದಲು ಮೂರು ಬಾರಿ ಸಾಬೂನಿನಿಂದ ಒಗೆದು, ಜಿಪ್ಪನ್ನು ಇಪ್ಪತ್ತು ಸಲ ತೆರೆದು ಮುಚ್ಚಿ ನೋಡಲಿ. ಅಂದು ಅವುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸದೆ ಸಭೆಯ ಕುರ್ಚಿಗಳಿಗೆ ಹಾಕಲಿ. ದೂರದಿಂದ ಬಂದ ಅಜ್ಜಿಯರು ಭಾಷಣಗಳು ಮುಗಿಯುವವರೆಗೆ ಒರಗಿಕೊಂಡಿರಬಹುದು. ತೆರವಾದ ಗಾಜಿನ ಬೀರುವಿನಲ್ಲಿ ಕತ್ತರಿ, ಅಳತೆಪಟ್ಟಿ, ಅಂಗುಸ್ತಾನ, ಜಿಪ್ಪಿನ ಸುರುಳಿಗಳನ್ನು ಇಡಬಹುದು. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರ ಮನೆಯಲ್ಲಾದರೂ ಕಾಲಿನಿಂದ ತುಳಿಯುವ ಹೊಲಿಗೆಯ ಯಂತ್ರವು ಮೂಲೆಯಲ್ಲಿ ಸುಮ್ಮನೆ ನಿಂತಿದ್ದರೆ ಶಾಲೆಗೆ ತಿಳಿಸಬೇಕಾಗಿ ಬೇಡುತ್ತೇವೆ. ಹತ್ತಿಯ ಹಳೆಯ ಸೀರೆಗಳೂ ಬೇಕಾಗಿವೆ. ಒಗೆದು ಕಳುಹಿಸಿದರೆ ಸಾಕು; ಇಸ್ತ್ರಿಯನ್ನು ಹುಡುಗಿಯರೇ ಮಾಡಿಕೊಳ್ಳುವರು.